ಗೆರೆ ಎಲ್ಲಿ ಎಳೆಯಬೇಕು? ಕರುಳಿನ ಕ್ಯಾನ್ಸರ್ ತಪಾಸಣೆಯ ಒಂದು ಅಂಕಿಯ ಸುತ್ತ



ದೀಪ ಹಚ್ಚಿ ಪ್ರಾರ್ಥನೆ ಮುಗಿಸಿದ ವೇದಿಕೆಯ ಮೇಲೆ ನಿಂತು ಮಲದ ವಿಷಯ ಮಾತನಾಡುವುದು ಸಂಕೋಚದ ಕೆಲಸ. ಸಂಘಟಕರಿಗೂ ಹಾಗೆಯೇ ಅನಿಸಿರಬೇಕು, ಆಹ್ವಾನ ಪತ್ರಿಕೆಯಲ್ಲಿ ‘ಜೀರ್ಣಾಂಗಗಳ ಆರೋಗ್ಯ’ ಎಂದು ನಾಜೂಕಾಗಿ ಅಚ್ಚು ಹಾಕಿಸಿದ್ದಾರೆ. ಅವರ ಸೌಜನ್ಯಕ್ಕೆ ನಮಸ್ಕಾರ. ಆದರೂ ಇವತ್ತಿನ ವಿಷಯ ಮಲವೇ. ಇನ್ನೂ ಬಿಡಿಸಿ ಹೇಳುವುದಾದರೆ, ಮಲದಲ್ಲಿ ಕಣ್ಣಿಗೆ ಕಾಣದಷ್ಟು ರಕ್ತವಿದ್ದಾಗ ಎಷ್ಟು ಇದ್ದರೆ ‘ಇದೆ’ ಅನ್ನಬೇಕು, ಎಷ್ಟರವರೆಗೆ ‘ಇಲ್ಲ’ ಅನ್ನಬೇಕು ಎಂಬ ಪ್ರಶ್ನೆ. ಇದೊಂದು ಪ್ರಯೋಗಾಲಯದ ಒಳಜಗಳ, ಸಭೆಗೆ ತರುವಂಥದ್ದಲ್ಲ ಎಂದು ನಿಮಗೆ ತೋರಬಹುದು. ಸಭೆಗೆ ತರಬೇಕಾದ ಪ್ರಶ್ನೆಯೇ ಇದು ಎಂದು ನಾನು ನಂಬಿದ್ದೇನೆ. ಆ ಗೆರೆಯನ್ನು ಎಳೆಯುವುದು ಸೂಕ್ಷ್ಮದರ್ಶಕವೂ ಅಲ್ಲ, ರೋಗವೂ ಅಲ್ಲ. ಮನುಷ್ಯರು ಕೂತು, ದುಡ್ಡು ಮತ್ತು ವೈದ್ಯರ ಸಂಖ್ಯೆಯನ್ನು ಲೆಕ್ಕ ಹಾಕಿ ಎಳೆಯುತ್ತಾರೆ.

ಮೊದಲು ರೋಗದ ವಿಷಯ, ಚುಟುಕಾಗಿ. ದೊಡ್ಡ ಕರುಳು ಮತ್ತು ಗುದನಾಳದ ಒಳಗೋಡೆಯಲ್ಲಿ ಸಣ್ಣ ಸಣ್ಣ ಗಂಟುಗಳು ಏಳುತ್ತವೆ. ಅವಕ್ಕೆ ಪಾಲಿಪ್ ಎನ್ನುತ್ತೇವೆ. ಹೆಚ್ಚಿನವು ಇದ್ದಲ್ಲೇ ಇದ್ದುಬಿಡುತ್ತವೆ. ಕೆಲವು ಮಾತ್ರ ನಿಧಾನವಾಗಿ, ಸುಮಾರು ಹತ್ತು ವರ್ಷ ತೆಗೆದುಕೊಂಡು, ಕ್ಯಾನ್ಸರಿಗೆ ತಿರುಗುತ್ತವೆ. ದೊಡ್ಡ ಪಾಲಿಪ್‌ಗಳೂ ಆರಂಭದ ಕ್ಯಾನ್ಸರೂ ಆಗೊಮ್ಮೆ ಈಗೊಮ್ಮೆ ತುಸು ರಕ್ತ ಒಸರುತ್ತವೆ. ಆ ರಕ್ತವನ್ನು ಹಿಡಿದರೆ ರೋಗವನ್ನು ಅದು ಬಲಿಯುವ ಮೊದಲೇ ಹಿಡಿಯಬಹುದು. ಆಮೇಲೆ ಕೊಲೊನೊಸ್ಕೊಪಿ ಮಾಡಿ, ಎಂದರೆ ಗುದದ್ವಾರದಿಂದ ಕ್ಯಾಮೆರಾ ಇರುವ ಕೊಳವೆ ತೂರಿಸಿ ಇಡೀ ದೊಡ್ಡ ಕರುಳನ್ನು ನೋಡಿ, ಪಾಲಿಪ್ ಇದ್ದರೆ ಅಲ್ಲೇ ಕತ್ತರಿಸಿ ತೆಗೆಯಬಹುದು.

ಇವತ್ತು ಜಗತ್ತಿನ ಬಹುಪಾಲು ತಪಾಸಣಾ ಕಾರ್ಯಕ್ರಮಗಳು ಬಳಸುವ ಮಲಪರೀಕ್ಷೆಗೆ ‘ಫಿಟ್’ ಎಂದು ಹೆಸರು. ಮನುಷ್ಯರ ಹಿಮೋಗ್ಲೋಬಿನ್‌ನಲ್ಲಿರುವ ಗ್ಲೋಬಿನ್ ಎಂಬ ಪ್ರೋಟೀನನ್ನು ಮಾತ್ರ ಗುರುತಿಸುವ ಪ್ರತಿಕಾಯಗಳು ಅದರಲ್ಲಿವೆ. ಒಂದು ಗ್ರಾಂ ಮಲದಲ್ಲಿ ಎಷ್ಟು ಮೈಕ್ರೊಗ್ರಾಂ ಹಿಮೋಗ್ಲೋಬಿನ್ ಇದೆ ಎಂದು ಯಂತ್ರ ಒಂದು ಸಂಖ್ಯೆ ಕೊಡುತ್ತದೆ. ಅಷ್ಟೇ. ‘ಪಾಸಿಟಿವ್’, ‘ನೆಗೆಟಿವ್’ ಎಂಬ ಮಾತು ಯಂತ್ರದ್ದಲ್ಲ. ಆಸ್ಟ್ರೇಲಿಯಾ, ಡೆನ್ಮಾರ್ಕ್, ತೈವಾನ್‌ಗಳಲ್ಲಿ 20 ಮೈಕ್ರೊಗ್ರಾಂ ದಾಟಿದರೆ ಪಾಸಿಟಿವ್. ನೆದರ್ಲೆಂಡ್ಸ್‌ನಲ್ಲಿ 47. ಸ್ಕಾಟ್ಲೆಂಡ್ 2017ರಲ್ಲಿ ಈ ಪರೀಕ್ಷೆಗೆ ಬಂದಾಗ ಆರಿಸಿಕೊಂಡದ್ದು 80. ಇಂಗ್ಲೆಂಡ್ 2019ರಲ್ಲಿ ಆರಿಸಿಕೊಂಡದ್ದು 120. ಮಲದಲ್ಲಿ 100 ಮೈಕ್ರೊಗ್ರಾಂ ಇದ್ದ ಒಬ್ಬ ಮನುಷ್ಯ ಆಗ ಎಡಿನ್‌ಬರೋದಲ್ಲಿದ್ದರೆ ಆಸ್ಪತ್ರೆಗೆ ಕರೆ ಬರುತ್ತಿತ್ತು. ರೈಲು ಹತ್ತಿ ಗಡಿ ದಾಟಿ ನ್ಯೂಕ್ಯಾಸಲ್‌ನಲ್ಲಿ ನೆಲೆಸಿದ್ದರೆ, ಎರಡು ವರ್ಷ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿ ಎಂಬ ಕಾಗದ ಬರುತ್ತಿತ್ತು.

ಈ ಸಂಖ್ಯೆಗಳು ಎಷ್ಟು ಸಣ್ಣವು ಎಂದು ಒಮ್ಮೆ ನೋಡಿ. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು 150 ಮಿಲಿಗ್ರಾಂ ಹಿಮೋಗ್ಲೋಬಿನ್ ಇರುತ್ತದೆ. ದಿನಕ್ಕೆ 150 ಗ್ರಾಂ ಮಲ ಎಂದು ಹಿಡಿಯೋಣ. ಗ್ರಾಂಗೆ 20 ಮೈಕ್ರೊಗ್ರಾಂ ಎಂದರೆ ಇಡೀ ದಿನದ ಮಲದಲ್ಲಿ ಇರುವುದು 3 ಮಿಲಿಗ್ರಾಂ ಹಿಮೋಗ್ಲೋಬಿನ್. ಅದು ಒಂದು ಹನಿ ರಕ್ತದ ಅರ್ಧವೂ ಆಗುವುದಿಲ್ಲ. 120 ಎಂದರೂ ಎರಡು ಮೂರು ಹನಿ ಮಾತ್ರ. ಅರ್ಧ ಹನಿಗೂ ಮೂರು ಹನಿಗೂ ನಡುವೆ ಎಲ್ಲೋ ದೇಶಗಳು ತಮ್ಮ ತಮ್ಮ ಗೆರೆ ಎಳೆದುಕೊಂಡಿವೆ.

ಯಾಕೆ ಹೀಗೆ? ಇಲ್ಲಿ ಮಕ್ಕಳನ್ನು ಸಿಇಟಿಗೆ ಕೂರಿಸಿದ ತಂದೆತಾಯಂದಿರು ಇದ್ದೀರಿ, ನಿಮಗೆ ಬೇಗ ತಿಳಿಯುತ್ತದೆ. ಒಂದು ಕಾಲೇಜಿನ ಕಟ್-ಆಫ್ ರ್‍ಯಾಂಕ್ ಈ ವರ್ಷ ಇಷ್ಟಕ್ಕೆ ನಿಂತಿತು ಎಂದರೆ, ಅದರ ಮುಂದಿನ ರ್‍ಯಾಂಕಿನ ಹುಡುಗಿ ಎಂಜಿನಿಯರ್ ಆಗಲು ಅಯೋಗ್ಯಳು ಎಂದು ಯಾರೂ ಅರ್ಥ ಮಾಡಿಕೊಳ್ಳುವುದಿಲ್ಲ. ಸೀಟು ಮುಗಿಯಿತು, ಅಷ್ಟೇ. ಇಲ್ಲಿ ಸೀಟು ಎಂದರೆ ಕೊಲೊನೊಸ್ಕೊಪಿ. ಒಂದು ದೇಶದಲ್ಲಿ ವರ್ಷಕ್ಕೆ ಎಷ್ಟು ಕೊಲೊನೊಸ್ಕೊಪಿ ಮಾಡಬಹುದು ಎಂಬ ಸಂಖ್ಯೆಯಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಕಟ್-ಆಫ್ ಸಿಗುತ್ತದೆ. ವ್ಯತ್ಯಾಸ ಒಂದೇ. ಸಿಇಟಿಯಲ್ಲಿ ಸೀಟು ತಪ್ಪಿದವರಿಗೆ ತಮಗೆ ಸೀಟು ತಪ್ಪಿದೆ ಎಂದು ಗೊತ್ತಿರುತ್ತದೆ. ಇಲ್ಲಿ ‘ನೆಗೆಟಿವ್’ ಎಂಬ ಕಾಗದ ಹಿಡಿದವರು ತಮಗೆ ಏನೂ ಇಲ್ಲ ಎಂದುಕೊಂಡು ನಿದ್ದೆ ಮಾಡುತ್ತಾರೆ.

ಗೆರೆಯ ಜಗಳ ಹೊಸದಲ್ಲ. ಫಿಟ್‌ಗೆ ಮೊದಲು ಇದ್ದದ್ದು ಗ್ವಾಯಕ್ ಎಂಬ ಮರದ ರಾಳ ಹಚ್ಚಿದ ಕಾಗದದ ಪರೀಕ್ಷೆ. 1967ರಲ್ಲಿ ಅಮೆರಿಕದ ಒಹಾಯೊದ ವೈದ್ಯ ಡೇವಿಡ್ ಗ್ರೀಗರ್, ರೋಗಿಗಳು ಮನೆಯಲ್ಲೇ ಕಾರ್ಡಿಗೆ ಮಲ ಹಚ್ಚಿ ತರುವ ಪದ್ಧತಿಯನ್ನು ಬಳಕೆಗೆ ತಂದರು. ಕಾರ್ಡಿನ ಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಹನಿಸಿದಾಗ, ರಕ್ತದ ಹೀಮ್ ಇದ್ದರೆ ಕಾಗದ ನೀಲಿಗೆ ತಿರುಗುತ್ತದೆ. ಆದರೆ ಹೀಮ್ ಕುರಿಮಾಂಸದಲ್ಲೂ ಇದೆ. ಹಸಿ ಮೂಲಂಗಿಯಲ್ಲಿ ಹೀಮ್‌ನಂತೆಯೇ ಕೆಲಸ ಮಾಡುವ ಕಿಣ್ವವಿದೆ. ಆದ್ದರಿಂದ ಪರೀಕ್ಷೆಗೆ ಮೊದಲು ಮಾಂಸ ಬಿಡಿ, ಮೂಲಂಗಿ ಕೋಸಂಬರಿ ಬಿಡಿ ಎಂಬ ಪಥ್ಯ. ಸಿ ವಿಟಮಿನ್ ಮಾತ್ರೆ ಹೆಚ್ಚು ತಿಂದಿದ್ದರೆ ಇದ್ದ ರಕ್ತವೂ ಕಾಣುವುದಿಲ್ಲ. ಈ ಪರೀಕ್ಷೆಯಲ್ಲಿ ಸಂಖ್ಯೆ ಇಲ್ಲ. ನೀಲಿಯೋ ಅಲ್ಲವೋ ಎಂದು ಕಣ್ಣಳತೆಯಲ್ಲಿ ಹೇಳಬೇಕು.

ಸಂಖ್ಯೆ ಇಲ್ಲದಿದ್ದರೂ ಗೆರೆ ಇತ್ತು ಎಂಬುದಕ್ಕೆ ಮಿನ್ನೆಸೋಟದ ಕಥೆ ಕೇಳಬೇಕು. ಮಲಪರೀಕ್ಷೆಯಿಂದ ಕರುಳಿನ ಕ್ಯಾನ್ಸರಿನ ಸಾವು ಕಡಿಮೆಯಾಗುತ್ತದೆ ಎಂದು ಮೊದಲು ಸಾಬೀತು ಮಾಡಿದ ದೊಡ್ಡ ಪ್ರಯೋಗ ಅದು. 46,551 ಜನ ಭಾಗವಹಿಸಿದ್ದರು. ಫಲಿತಾಂಶ ಹೊರಬಿದ್ದದ್ದು 1993ರಲ್ಲಿ. ಪ್ರತಿವರ್ಷ ಪರೀಕ್ಷೆಗೆ ಒಳಗಾದವರಲ್ಲಿ ಈ ಕ್ಯಾನ್ಸರಿನ ಸಾವು ಶೇ. 33ರಷ್ಟು ಇಳಿದಿತ್ತು. ಆದರೆ ಆ ಪ್ರಯೋಗದ ನಡುವೆ ಒಂದು ಸಣ್ಣ ಬದಲಾವಣೆಯಾಗಿತ್ತು. ಪರೀಕ್ಷಿಸುವ ಮುನ್ನ ಒಣಗಿದ ಕಾರ್ಡಿನ ಮೇಲೆ ಒಂದು ಹನಿ ನೀರು ಹಾಕತೊಡಗಿದರು. ನೀರು ಬಿದ್ದರೆ ಬಣ್ಣ ಸುಲಭವಾಗಿ ಏಳುತ್ತದೆ. ಪಾಸಿಟಿವ್ ಬರುವವರ ಪ್ರಮಾಣ ಶೇ. 2.4ರಿಂದ ಶೇ. 9.8ಕ್ಕೆ ಹಾರಿತು. ಪರೀಕ್ಷೆ ಹಿಡಿಯುವ ಕ್ಯಾನ್ಸರ್ ನೂರಕ್ಕೆ ಸುಮಾರು 81 ಇದ್ದದ್ದು 92 ಆಯಿತು. ಕ್ಯಾನ್ಸರ್ ಇಲ್ಲದವರನ್ನು ಸರಿಯಾಗಿ ಮನೆಗೆ ಕಳಿಸುವ ಪ್ರಮಾಣ ನೂರಕ್ಕೆ ಸುಮಾರು 98ರಿಂದ 90ಕ್ಕೆ ಇಳಿಯಿತು.

ಹದಿಮೂರು ವರ್ಷಗಳಲ್ಲಿ ವಾರ್ಷಿಕ ಗುಂಪಿನ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಒಮ್ಮೆಯಾದರೂ ಕೊಲೊನೊಸ್ಕೊಪಿಗೆ ಒಳಗಾದರು. ಮರುವರ್ಷವೇ ಟೀಕಾಕಾರರು ಕೇಳಿದರು: ಇಷ್ಟೊಂದು ಜನರಿಗೆ ಕೊಲೊನೊಸ್ಕೊಪಿ ಮಾಡಿದರೆ ರಕ್ತ ಒಸರದ ಕ್ಯಾನ್ಸರೂ ಆಕಸ್ಮಿಕವಾಗಿ ಸಿಗುವುದಿಲ್ಲವೇ? ಉಳಿದ ಜೀವಗಳಲ್ಲಿ ಮೂರನೇ ಒಂದರಿಂದ ಅರ್ಧದವರೆಗಿನ ಪಾಲು ಆ ಅದೃಷ್ಟದ್ದು, ಪರೀಕ್ಷೆಯದಲ್ಲ ಎಂಬುದು ಅವರ ಅಂದಾಜು. ಆ ಲೆಕ್ಕವನ್ನು ಎಲ್ಲರೂ ಒಪ್ಪಲಿಲ್ಲ, ನನಗೂ ಅದು ತುಸು ಅತಿ ಎನಿಸುತ್ತದೆ. ಆದರೂ ಅವರು ತೋರಿಸಿಕೊಟ್ಟ ಸಂಗತಿ ದೊಡ್ಡದು. ಗೆರೆಯನ್ನು ಕೆಳಗೆ ಇಳಿಸುತ್ತಾ ಹೋದರೆ ಮಲಪರೀಕ್ಷೆ ಹೆಸರಿಗೆ ಉಳಿದು, ಎಲ್ಲರಿಗೂ ಕೊಲೊನೊಸ್ಕೊಪಿ ಎಂಬಲ್ಲಿಗೆ ಬಂದು ನಿಲ್ಲುತ್ತೇವೆ.

ಫಿಟ್ ಬಂದ ಮೇಲೆ ಗೆರೆ ಬೆಳಕಿಗೆ ಬಂತು. ಜಪಾನ್ ಇದರಲ್ಲಿ ಮುಂದಿತ್ತು, 1992ರಲ್ಲೇ ರಾಷ್ಟ್ರೀಯ ಕಾರ್ಯಕ್ರಮ ಶುರುಮಾಡಿತು. ಪಥ್ಯ ಬೇಡ, ಸಾಮಾನ್ಯವಾಗಿ ಒಂದೇ ಮಾದರಿ ಸಾಕು, ಕಡ್ಡಿಯಿಂದ ಮುಟ್ಟಿ ಬಾಟಲಿಗೆ ಹಾಕಿ ಅಂಚೆಗೆ ಕೊಟ್ಟರಾಯಿತು. ಜನರಿಗೆ ಇದು ಹಿಡಿಸಿತು. ಇಂಗ್ಲೆಂಡಿನ 2014ರ ಪ್ರಾಯೋಗಿಕ ಯೋಜನೆಯಲ್ಲಿ ಗ್ವಾಯಕ್ ಕಾರ್ಡು ಕಳಿಸಿದವರು ಶೇ. 59.3, ಫಿಟ್ ಕಳಿಸಿದವರು ಶೇ. 66.4. ಬರೀ ಸಲಕರಣೆ ಬದಲಾಯಿಸಿದ್ದಕ್ಕೆ ನೂರಕ್ಕೆ ಏಳು ಜನ ಹೆಚ್ಚು. ಒಬ್ಬ ಆರೋಗ್ಯ ಸಚಿವ ಎಷ್ಟು ಭಾಷಣ ಮಾಡಿದರೂ ಇಷ್ಟು ಜನರನ್ನು ತರಲಾರ.

ಈಗ ಒಂದು ಲೆಕ್ಕ. ಕಪ್ಪುಹಲಗೆ ಇದ್ದಿದ್ದರೆ ಚೆನ್ನಾಗಿತ್ತು, ಮನಸ್ಸಿನಲ್ಲೇ ಹಾಕಿಕೊಳ್ಳಿ. ಅಮೆರಿಕದ ಇಂಪೀರಿಯಲ್ ಎಂಬ ವೈದ್ಯರು ಮತ್ತು ಸಂಗಡಿಗರು 2019ರಲ್ಲಿ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಗೆರೆ 20 ಅಥವಾ ಅದಕ್ಕಿಂತ ಮೇಲಿದ್ದಾಗ ಫಿಟ್ ಕ್ಯಾನ್ಸರ್ ಇರುವ ನೂರರಲ್ಲಿ 75 ಜನರನ್ನು ಹಿಡಿಯುತ್ತದೆ, ಇಲ್ಲದ ನೂರರಲ್ಲಿ 95 ಜನರನ್ನು ನೆಮ್ಮದಿಯಾಗಿ ಮನೆಗೆ ಕಳಿಸುತ್ತದೆ. ಗೆರೆಯನ್ನು 10ಕ್ಕೆ ಇಳಿಸಿದರೆ 91 ಜನರನ್ನು ಹಿಡಿಯುತ್ತದೆ, 90 ಜನರನ್ನು ಮನೆಗೆ ಕಳಿಸುತ್ತದೆ. ಹತ್ತೇ ಒಳ್ಳೆಯದು ಎಂದು ಯಾರಿಗಾದರೂ ಅನಿಸುತ್ತದೆ. 75 ಎಲ್ಲಿ, 91 ಎಲ್ಲಿ!

10,000 ಜನರಿಗೆ ಪರೀಕ್ಷೆ ಮಾಡಿದಿರಿ, ಅವರಲ್ಲಿ 50 ಜನರಿಗೆ ಕ್ಯಾನ್ಸರ್ ಇದೆ ಎಂದಿಟ್ಟುಕೊಳ್ಳಿ. ಗೆರೆ 20ರಲ್ಲಿದ್ದರೆ ಸುಮಾರು 37 ಕ್ಯಾನ್ಸರ್ ಸಿಗುತ್ತವೆ, ಜೊತೆಗೆ ಕ್ಯಾನ್ಸರ್ ಇಲ್ಲದ ಸುಮಾರು 500 ಜನ ಕೊಲೊನೊಸ್ಕೊಪಿಗೆ ಬರುತ್ತಾರೆ. ಗೆರೆ 10 ಆದರೆ 45 ಕ್ಯಾನ್ಸರ್ ಸಿಗುತ್ತವೆ, ಕ್ಯಾನ್ಸರ್ ಇಲ್ಲದ ಸುಮಾರು 1,000 ಜನ ಬರುತ್ತಾರೆ. ಎಂಟು ಕ್ಯಾನ್ಸರ್ ಹೆಚ್ಚು ಹಿಡಿಯಲು 500 ಕೊಲೊನೊಸ್ಕೊಪಿ ಹೆಚ್ಚು. ಒಂದೊಂದಕ್ಕೆ ಅರವತ್ತು ಚಿಲ್ಲರೆ. ಈ ಐನೂರೂ ವ್ಯರ್ಥ ಎಂದಲ್ಲ, ಅವರಲ್ಲಿ ಹಲವರಿಗೆ ಮುಂದೆ ಕ್ಯಾನ್ಸರ್ ಆಗಬಹುದಾದ ಪಾಲಿಪ್ ಸಿಕ್ಕಿ ತೆಗೆಯಲಾಗುತ್ತದೆ. ಆದರೆ ಉಳಿದವರು ಒಂದು ದಿನ ಪೂರ್ತಿ ಭೇದಿ ಔಷಧಿ ಕುಡಿದು, ರಜೆ ಹಾಕಿ, ಹೆದರಿ, ಕರುಳು ತೂತಾಗುವ ಅಪರೂಪದ ಅಪಾಯವನ್ನೂ ಮೈಮೇಲೆ ಹಾಕಿಕೊಂಡು, ‘ಏನೂ ಇಲ್ಲ’ ಎಂಬ ಮಾತು ಕೇಳಿ ಮನೆಗೆ ಹೋಗುತ್ತಾರೆ. ವೈದ್ಯರು ಅಷ್ಟು ಜನ ಇಲ್ಲದ ಕಡೆ ಇನ್ನೊಂದೂ ಆಗುತ್ತದೆ. ಸಾಲು ಉದ್ದವಾಗುತ್ತದೆ. ಆ ಸಾಲಿನ ಕೊನೆಯಲ್ಲಿ ನಿಜವಾಗಿ ಕ್ಯಾನ್ಸರ್ ಇರುವವರೂ ನಿಂತಿರುತ್ತಾರೆ.

ಇದೆಲ್ಲ ಕಾಗದದ ಮೇಲಿನ ಲೆಕ್ಕವಾಯಿತು. ಒಂದು ಇಡೀ ದೇಶ ಈ ಲೆಕ್ಕವನ್ನು ನಡುದಾರಿಯಲ್ಲಿ ತಿದ್ದಿಕೊಂಡ ಪ್ರಸಂಗ ಹೇಳುತ್ತೇನೆ. ನೆದರ್ಲೆಂಡ್ಸ್‌ನವರು ಬಹಳ ಮುಂಜಾಗ್ರತೆಯ ಜನ. ರಾಟರ್‌ಡ್ಯಾಮ್, ಆಮ್‌ಸ್ಟರ್‌ಡ್ಯಾಮ್‌ಗಳಲ್ಲಿ ವರ್ಷಗಟ್ಟಲೆ ಪ್ರಾಯೋಗಿಕ ಯೋಜನೆ ನಡೆಸಿ, 2014ರ ಜನವರಿಯಲ್ಲಿ 55ರಿಂದ 75 ವಯಸ್ಸಿನವರಿಗೆ ಎರಡು ವರ್ಷಕ್ಕೊಮ್ಮೆ ಫಿಟ್ ಎಂದು ಕಾರ್ಯಕ್ರಮ ಶುರುಮಾಡಿದರು. ಗೆರೆ 15. ಪ್ರಾಯೋಗಿಕ ಯೋಜನೆಗಳ ಆಧಾರದ ಮೇಲೆ ಶೇ. 60 ಜನ ಭಾಗವಹಿಸುತ್ತಾರೆ, ಶೇ. 6.4 ಜನರಿಗೆ ಪಾಸಿಟಿವ್ ಬರುತ್ತದೆ ಎಂದು ಅಂದಾಜು ಮಾಡಿ, ಅದಕ್ಕೆ ತಕ್ಕಷ್ಟು ಕೊಲೊನೊಸ್ಕೊಪಿ ವ್ಯವಸ್ಥೆ ಮಾಡಿಕೊಂಡಿದ್ದರು.

ಮೊದಲ ತಿಂಗಳುಗಳಲ್ಲೇ ಅಂದಾಜು ತಲೆಕೆಳಗಾಯಿತು. ಭಾಗವಹಿಸಿದವರು ಶೇ. 68.2, ಪಾಸಿಟಿವ್ ಬಂದವರು ಶೇ. 10.6. ಪ್ರಾಯೋಗಿಕ ಯೋಜನೆಯಲ್ಲಿ ಬಳಸಿದ ಯಂತ್ರ ಒಂದು ಕಂಪನಿಯದು, ರಾಷ್ಟ್ರೀಯ ಕಾರ್ಯಕ್ರಮಕ್ಕೆ ಬಂದದ್ದು ಇನ್ನೊಂದು ಕಂಪನಿಯದು ಎಂಬುದನ್ನೂ ಗಮನಿಸಿ. ಎರಡರ ಮೇಲೂ 15 ಎಂದೇ ಬರೆದಿದ್ದರೂ ಎರಡೂ ಒಂದೇ ರೀತಿ ಅಳೆಯುತ್ತವೆ ಎಂಬ ಖಾತರಿ ಇಲ್ಲ. ಪಾಸಿಟಿವ್ ಬಂದವರಲ್ಲಿ ಕ್ಯಾನ್ಸರ್ ಅಥವಾ ಅಪಾಯದ ಪಾಲಿಪ್ ಸಿಕ್ಕವರು ಶೇ. 49.4 ಇರಬೇಕಿತ್ತು, ಇದ್ದದ್ದು ಶೇ. 42.1. ಎಂದರೆ ಕೊಲೊನೊಸ್ಕೊಪಿಗೆ ಬರುವವರು ಹೆಚ್ಚು, ಬಂದವರಲ್ಲಿ ಸಿಗುವುದು ಕಡಿಮೆ.

ನಮ್ಮಲ್ಲಾಗಿದ್ದರೆ ಒಂದು ಸಮಿತಿ ಮಾಡಿ, ಆ ಸಮಿತಿಯ ವರದಿ ಬರುವ ಹೊತ್ತಿಗೆ ಸರ್ಕಾರ ಬದಲಾಗಿರುತ್ತಿತ್ತು. ಅವರ ಹತ್ತಿರ ಒಂದು ಒಳ್ಳೆಯ ವ್ಯವಸ್ಥೆಯಿತ್ತು. ಆಹ್ವಾನ ಪತ್ರದಿಂದ ಹಿಡಿದು ಕೊಲೊನೊಸ್ಕೊಪಿಯ ವರದಿಯವರೆಗೆ ಎಲ್ಲವೂ ಒಂದೇ ಕಂಪ್ಯೂಟರ್ ಜಾಲದಲ್ಲಿ ಆಗಿಂದಾಗ ದಾಖಲಾಗುತ್ತಿತ್ತು. ಅದನ್ನು ನೋಡಿ, ವರ್ಷದ ಮಧ್ಯದಲ್ಲೇ ಗೆರೆಯನ್ನು 15ರಿಂದ 47ಕ್ಕೆ ಏರಿಸಿದರು. ಪಾಸಿಟಿವ್ ಶೇ. 6.7ಕ್ಕೆ ಇಳಿಯಿತು, ಅವರಲ್ಲಿ ಏನಾದರೂ ಸಿಕ್ಕವರ ಪಾಲು ಶೇ. 49.1ಕ್ಕೆ ಏರಿತು. ಅಂದಾಜು ಮಾಡಿದ್ದ ಜಾಗಕ್ಕೇ ಬಂದು ನಿಂತಿತು.

ಇಷ್ಟಕ್ಕೇ ನಿಲ್ಲಿಸಿದರೆ ಇದೊಂದು ಜಾಣ ಆಡಳಿತದ ಕಥೆ. ನನಗೆ ಹೆಚ್ಚು ಮುಖ್ಯವೆನಿಸುವುದು ಆಮೇಲಿನದು. ಅವರು ಗೆರೆ ಏರಿಸಿ ಸುಮ್ಮನಾಗಲಿಲ್ಲ, ಏರಿಸಿದ್ದರ ಬೆಲೆಯನ್ನೂ ಅಳೆದು 2020ರಲ್ಲಿ ಪ್ರಕಟಿಸಿದರು. ಒಂದೇ ವರ್ಷ, ಒಂದೇ ದೇಶ, ಒಂದೇ ಯಂತ್ರ. ಮೊದಲರ್ಧದಲ್ಲಿ ಒಂದು ಗೆರೆ, ಎರಡನೇ ಅರ್ಧದಲ್ಲಿ ಇನ್ನೊಂದು. ಇಂಥ ಪ್ರಯೋಗವನ್ನು ಬೇಕೆಂದರೂ ಯೋಜಿಸಲಾಗದು. ನೆಗೆಟಿವ್ ಬಂದವರಲ್ಲಿ ಮುಂದಿನ ಎರಡು ವರ್ಷಗಳೊಳಗೆ ಎಷ್ಟು ಜನರಿಗೆ ಕ್ಯಾನ್ಸರ್ ಕಾಣಿಸಿಕೊಂಡಿತು ಎಂದು ನೋಡಿದರು. ಗೆರೆ 15ರಲ್ಲಿದ್ದಾಗ 10,000ಕ್ಕೆ 9.5. ಗೆರೆ 47 ಆದ ಮೇಲೆ 13.8. ಪರೀಕ್ಷೆ ಹಿಡಿದ ಕ್ಯಾನ್ಸರಿನ ಪ್ರಮಾಣ ಶೇ. 90.5ರಿಂದ ಶೇ. 82.9ಕ್ಕೆ ಇಳಿದಿತ್ತು.

ಸ್ಥೂಲವಾಗಿ ಹೇಳುವುದಾದರೆ ಪರೀಕ್ಷೆಗೆ ಬಂದ 10,000 ಜನರಲ್ಲಿ 390 ಜನರಿಗೆ ಕೊಲೊನೊಸ್ಕೊಪಿಯ ಕರೆ ತಪ್ಪಿತು, ನಾಲ್ಕು ಚಿಲ್ಲರೆ ಜನರಿಗೆ ‘ನೆಗೆಟಿವ್’ ಕಾಗದ ಕೈಯಲ್ಲಿರುವಾಗಲೇ ಕ್ಯಾನ್ಸರ್ ಬಂತು. ಇದು ಸರಿಯೋ ತಪ್ಪೋ? ಆ ನಾಲ್ವರಲ್ಲಿ ಒಬ್ಬರ ಮನೆಯವರನ್ನು ಕೇಳಿದರೆ ಒಂದು ಉತ್ತರ. ಕೊಲೊನೊಸ್ಕೊಪಿಯ ಸಾಲು ಆರು ತಿಂಗಳಾಗಿ, ಕಾರ್ಯಕ್ರಮವೇ ಕುಸಿದು, ಜನರ ನಂಬಿಕೆ ಹೋಗಿದ್ದರೆ ಎಷ್ಟು ಜನ ಸಾಯುತ್ತಿದ್ದರು ಎಂದು ಕೇಳಿದರೆ ಇನ್ನೊಂದು. ನನ್ನ ಅಭಿಪ್ರಾಯದಲ್ಲಿ ಡಚ್ಚರು ಆಗ ಮಾಡಿದ್ದು ಸರಿ. ಆದರೆ ಸರಿ ಎನ್ನಲು ನನಗೆ ಧೈರ್ಯ ಬಂದಿರುವುದು ಅವರು ಎರಡೂ ಕಡೆಯ ಅಂಕಿಯನ್ನು ಬಚ್ಚಿಡದೆ ಮುಂದಿಟ್ಟಿದ್ದರಿಂದ. ಬಹುಪಾಲು ಕಡೆ ಉಳಿತಾಯವಾದ ಕೊಲೊನೊಸ್ಕೊಪಿಯ ಅಂಕಿ ಸಿಗುತ್ತದೆ, ತಪ್ಪಿಹೋದ ಕ್ಯಾನ್ಸರಿನ ಅಂಕಿ ಸಿಗುವುದಿಲ್ಲ.

ಬ್ರಿಟನ್‌ಗೆ ಮರಳೋಣ, ಅಲ್ಲಿ ಇನ್ನೂ ವಿಚಿತ್ರವಾದ ಒಂದು ಸಂಗತಿಯಿದೆ. ಬ್ರಿಟನ್‌ನ ತಪಾಸಣಾ ಸಮಿತಿ 2018ರಲ್ಲಿ 20ರಷ್ಟು ತಗ್ಗಿನ ಗೆರೆಯನ್ನು ಶಿಫಾರಸು ಮಾಡಿತ್ತು. ಮರುವರ್ಷ ಇಂಗ್ಲೆಂಡಿನಲ್ಲಿ ಕಾರ್ಯಕ್ರಮ ಶುರುವಾದದ್ದು 120ಕ್ಕೆ. ನಡುವೆ ಇದ್ದದ್ದು ಕೊಲೊನೊಸ್ಕೊಪಿ ಮಾಡುವ ಕೈಗಳ ಕೊರತೆ. ಅದನ್ನು ಅವರು ಮುಚ್ಚಿಟ್ಟಿಲ್ಲ, ಅದನ್ನು ಮೆಚ್ಚಬೇಕು. ಆದರೆ ಅದೇ ದೇಶದಲ್ಲಿ ಹೊಟ್ಟೆನೋವು, ಮಲವಿಸರ್ಜನೆಯಲ್ಲಿ ಬದಲಾವಣೆ, ರಕ್ತಹೀನತೆ ಎಂದು ಹೇಳಿಕೊಂಡು ಕುಟುಂಬ ವೈದ್ಯರ ಹತ್ತಿರ ಹೋದವರಿಗೂ ಇದೇ ಫಿಟ್ ಮಾಡುತ್ತಾರೆ. ಅಲ್ಲಿನ ನೈಸ್ ಎಂಬ ಸಂಸ್ಥೆಯ ಮಾರ್ಗಸೂಚಿಯಂತೆ ಅವರಿಗೆ ಗೆರೆ 10. ಒಂದೇ ಪರೀಕ್ಷೆ, ಒಂದೇ ಊರು, ಪಕ್ಕದ ಮನೆಯವರು. ಒಬ್ಬರಿಗೆ 10, ಇನ್ನೊಬ್ಬರಿಗೆ ಆಗ 120.

ಇದು ಅನ್ಯಾಯವಲ್ಲ, ಇದರಲ್ಲಿ ತರ್ಕವಿದೆ. ಲಕ್ಷಣ ಇರುವವರಲ್ಲಿ ಕ್ಯಾನ್ಸರ್ ಇರುವ ಸಂಭವ ಮೊದಲೇ ಹೆಚ್ಚು. ಅಲ್ಲಿ ಫಿಟ್ ಮಾಡುವ ಕೆಲಸ ಯಾರಿಗೆ ಕೊಲೊನೊಸ್ಕೊಪಿ ಬೇಡ ಎಂದು ಧೈರ್ಯವಾಗಿ ಹೇಳುವುದು, ಆದ್ದರಿಂದ ಗೆರೆ ಕೆಳಗಿರಬೇಕು. ಯಾವ ಲಕ್ಷಣವೂ ಇಲ್ಲದ, ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವ ಲಕ್ಷಾಂತರ ಜನರಲ್ಲಿ ಅದರ ಕೆಲಸ ಯಾರನ್ನು ಮೊದಲು ಕರೆಯಬೇಕು ಎಂದು ಆರಿಸುವುದು. ಜೊತೆಗೆ ಅವರಿಗೆ ಎರಡು ವರ್ಷ ಬಿಟ್ಟು ಮತ್ತೆ ಪರೀಕ್ಷೆ ಆಗುತ್ತದೆ, ಈ ಸಲ ತಪ್ಪಿದ್ದು ಮುಂದಿನ ಸಲ ಸಿಗಬಹುದು. ಕಟ್-ಆಫ್ ಒಂದನ್ನೇ ಹಿಡಿದು ಜಗಳವಾಡುವವರು ಇದನ್ನು ಮರೆಯುತ್ತಾರೆ. ಗೆರೆ ಎಷ್ಟರಲ್ಲಿದೆ, ಎಷ್ಟು ವರ್ಷಕ್ಕೊಮ್ಮೆ ಪರೀಕ್ಷೆ, ಎಷ್ಟು ಮಾದರಿ, ಎಷ್ಟನೇ ವಯಸ್ಸಿನಿಂದ ಎಂಬ ನಾಲ್ಕನ್ನೂ ಒಟ್ಟಿಗೆ ನೋಡಬೇಕು.

ಗೆರೆ ಎಲ್ಲರಿಗೂ ಒಂದೇ ಇರಬೇಕೆ? ಇದು ನನ್ನನ್ನು ತುಂಬ ಕಾಡಿಸಿದ ಪ್ರಶ್ನೆ. ಹೆಂಗಸರ ಮಲದಲ್ಲಿ ಹಿಮೋಗ್ಲೋಬಿನ್ ಸರಾಸರಿ ಗಂಡಸರಿಗಿಂತ ಕಡಿಮೆ. ವಯಸ್ಸಾದಂತೆ ಹೆಚ್ಚಾಗುತ್ತದೆ. ಡಚ್ಚರ ಅದೇ ಅಧ್ಯಯನದಲ್ಲಿ ಫಿಟ್ ಗಂಡಸರ ಕ್ಯಾನ್ಸರನ್ನು ಶೇ. 87.4ರಷ್ಟು ಹಿಡಿದಿತ್ತು, ಹೆಂಗಸರದನ್ನು ಶೇ. 82.6ರಷ್ಟು ಮಾತ್ರ. ಒಂದೇ ಗೆರೆ ಎಳೆದು ‘ಸಮಾನತೆ’ ಎಂದರೆ ಹೆಂಗಸರ ಕ್ಯಾನ್ಸರ್ ಹೆಚ್ಚು ತಪ್ಪಿಹೋಗುತ್ತದೆ. ಸ್ವೀಡನ್‌ನವರು ಇಂಥ ವ್ಯತ್ಯಾಸವನ್ನು ಗಮನಿಸಿ ಹೆಂಗಸರಿಗೆ 40, ಗಂಡಸರಿಗೆ 80 ಎಂದು ಇಟ್ಟರು. ಫಿನ್ಲೆಂಡ್‌ನವರು 25 ಮತ್ತು 70 ಎಂದು ಇಟ್ಟರು. ಯಾವುದನ್ನು ಸಮ ಮಾಡಬೇಕು? ಪಾಸಿಟಿವ್ ಬರುವವರ ಪ್ರಮಾಣವನ್ನೋ, ಹಿಡಿದ ಕ್ಯಾನ್ಸರಿನ ಪ್ರಮಾಣವನ್ನೋ, ಒಂದು ಕ್ಯಾನ್ಸರಿಗೆ ಆಗುವ ಕೊಲೊನೊಸ್ಕೊಪಿಯ ಸಂಖ್ಯೆಯನ್ನೋ? ಒಂದನ್ನು ಸಮ ಮಾಡಿದರೆ ಉಳಿದೆರಡು ಓರೆಯಾಗುತ್ತವೆ. ಸ್ಕಾಟ್ಲೆಂಡಿನ ಡಂಡೀ ನಗರದ ಸಂಶೋಧಕರು ಬಡವರ ಬಡಾವಣೆಗಳಲ್ಲಿ ಹಿಮೋಗ್ಲೋಬಿನ್ ಪ್ರಮಾಣ ಹೆಚ್ಚು ಎಂದೂ ತೋರಿಸಿದ್ದಾರೆ. ಹಾಗಾದರೆ ಬಡವರಿಗೊಂದು ಗೆರೆ ಎಂದು ಯಾರೂ ಹೇಳುವುದನ್ನು ನಾನು ಕೇಳಿಲ್ಲ, ಹೇಳಲೂಬಾರದು. ಆದರೆ ಗಂಡು ಹೆಣ್ಣಿಗೆ ಬೇರೆ ಗೆರೆ ಸರಿ, ಬಡವ ಬಲ್ಲಿದರಿಗೆ ಬೇರೆ ಗೆರೆ ಸರಿಯಲ್ಲ ಎನ್ನುವಾಗ ನಾವು ವಿಜ್ಞಾನ ಮಾತನಾಡುತ್ತಿಲ್ಲ, ನೀತಿ ಮಾತನಾಡುತ್ತಿದ್ದೇವೆ ಎಂಬುದು ನೆನಪಿರಲಿ.

ಗೆರೆಯ ಕೆಳಗಿರುವವರೆಲ್ಲ ಒಂದೇ ಅಲ್ಲ ಎಂಬುದೂ ಈಗ ಗೊತ್ತಾಗಿದೆ. ತೈವಾನ್‌ನ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ನೆಗೆಟಿವ್ ಎಂದು ಕಳಿಸಿದವರಲ್ಲೇ ಸಂಖ್ಯೆ ಹೆಚ್ಚಿದ್ದಷ್ಟೂ ಮುಂದೆ ಅವರಿಗೆ ಪಾಲಿಪ್ ಅಥವಾ ಕ್ಯಾನ್ಸರ್ ಕಾಣಿಸಿಕೊಳ್ಳುವ ಸಂಭವ ಹೆಚ್ಚು. ಸೊನ್ನೆ ಬಂದವರೂ 19 ಬಂದವರೂ ಒಂದೇ ಕಾಗದ ಪಡೆಯುವುದು ಆ ಲೆಕ್ಕದಲ್ಲಿ ಸಂಖ್ಯೆಯನ್ನು ಕೈಯಾರೆ ಕಸಕ್ಕೆ ಎಸೆದಂತೆ. ಸೊನ್ನೆ ಬಂದವರಿಗೆ ಮೂರು ವರ್ಷ, ಗೆರೆಯ ಹತ್ತಿರ ಬಂದವರಿಗೆ ಒಂದೇ ವರ್ಷ ಎಂದು ಅಂತರ ಬದಲಿಸಿ ನೋಡುವ ಪ್ರಯೋಗವನ್ನು ಡಚ್ಚರು ಕೈಗೆತ್ತಿಕೊಂಡಿದ್ದಾರೆ. ಮುಂದಿನ ದಾರಿ ಅದೇ ಎಂದು ನನಗೆ ತೋರುತ್ತದೆ.

ಈಗ ನಮ್ಮ ಕಡೆಗೆ. ಭಾರತದಲ್ಲಿ ಕರುಳಿನ ಕ್ಯಾನ್ಸರಿನ ಪ್ರಮಾಣ ಲಕ್ಷಕ್ಕೆ ಹತ್ತನ್ನೂ ಮುಟ್ಟುವುದಿಲ್ಲ, ಯುರೋಪಿನ ಪ್ರಮಾಣ ಇದರ ಹಲವು ಪಟ್ಟು. ಕಿದ್ವಾಯಿ ಸಂಸ್ಥೆ ನಡೆಸುವ ಬೆಂಗಳೂರಿನ ಕ್ಯಾನ್ಸರ್ ನೋಂದಣಿ 1980ರ ದಶಕದ ಆರಂಭದಿಂದ ಲೆಕ್ಕ ಇಟ್ಟುಕೊಂಡು ಬಂದಿರುವುದರಿಂದ ಈ ಮಾತನ್ನು ಊಹೆಯ ಮೇಲೆ ಹೇಳಬೇಕಾಗಿಲ್ಲ. ನಮ್ಮ ಸರ್ಕಾರಿ ತಪಾಸಣಾ ಕಾರ್ಯಕ್ರಮದಲ್ಲಿ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್‌ಗಳಿವೆ, ಕರುಳಿನದು ಇಲ್ಲ. ಅದು ಸರಿಯಾದ ತೀರ್ಮಾನವೇ. ನಾನು ಆಗಲೇ ಮಾಡಿದ ಲೆಕ್ಕದಲ್ಲಿ 10,000ಕ್ಕೆ 50ರ ಬದಲು 5 ಕ್ಯಾನ್ಸರ್ ಎಂದು ಹಾಕಿ ನೋಡಿ. ಗೆರೆ 20ರಿಂದ 10ಕ್ಕೆ ಇಳಿಸಿದರೆ 500 ಕೊಲೊನೊಸ್ಕೊಪಿ ಹೆಚ್ಚಾಗುತ್ತದೆ, ಹೆಚ್ಚುವರಿಯಾಗಿ ಸಿಗುವುದು ಒಂದು ಕ್ಯಾನ್ಸರೂ ಅಲ್ಲ. ಪರೀಕ್ಷೆ ಅದೇ, ಗೆರೆ ಅದೇ. ಜನ ಬೇರೆಯಾದಾಗ ಅದರ ಅರ್ಥ ಬದಲಾಯಿತು. ಆದ್ದರಿಂದಲೇ ಆಸ್ಟ್ರೇಲಿಯಾದ 20 ಅನ್ನಾಗಲಿ ಇಂಗ್ಲೆಂಡಿನ 120 ಅನ್ನಾಗಲಿ ಎತ್ತಿ ತಂದು ಇಲ್ಲಿ ನೆಡುವುದು ಸಾಧ್ಯವಿಲ್ಲ.

ಆದರೆ ಸರ್ಕಾರ ಮಾಡದ್ದನ್ನು ಅಂಗಡಿಗಳು ಮಾಡುತ್ತಿವೆ. ‘ಫುಲ್ ಬಾಡಿ ಚೆಕಪ್’ ಪ್ಯಾಕೇಜಿನಲ್ಲಿ ಮಲದ ರಕ್ತಪರೀಕ್ಷೆಯೂ ಸೇರಿರುವುದುಂಟು. ಜನ ವರದಿ ಹಿಡಿದು ಬರುತ್ತಾರೆ. ಅದರ ಮೇಲೆ ‘ಪಾಸಿಟಿವ್’ ಎಂದಷ್ಟೇ ಇರುತ್ತದೆ. ಗ್ವಾಯಕ್ಕೋ ಫಿಟ್ಟೋ ಎಂದಿಲ್ಲ. ಫಿಟ್ ಆಗಿದ್ದರೆ ಎಷ್ಟು, ಗೆರೆ ಎಷ್ಟು ಎಂದಿಲ್ಲ. ಮೂಲವ್ಯಾಧಿ ಇದೆಯೇ ಎಂದು ಯಾರೂ ಕೇಳಿಲ್ಲ. ಗಾಬರಿಯಾದವರು ನೇರವಾಗಿ ಕೊಲೊನೊಸ್ಕೊಪಿ ಮಾಡಿಸಿಕೊಳ್ಳುತ್ತಾರೆ, ಗಾಬರಿಯಾಗದವರು ಕಾಗದವನ್ನು ಮಡಚಿ ಬೀರುವಿನಲ್ಲಿಡುತ್ತಾರೆ. ಸಂಖ್ಯೆಯನ್ನು ಯಾವ ಅಳತೆಯಲ್ಲಿ ಬರೆಯಬೇಕು ಎಂಬ ಬಗ್ಗೆಯೂ ಗೊಂದಲವಿತ್ತು. ಬಾಟಲಿಯ ದ್ರಾವಣದ ಒಂದು ಮಿಲಿಲೀಟರಿಗೆ 100 ನ್ಯಾನೊಗ್ರಾಂ ಎಂದರೆ ಒಂದು ಕಂಪನಿಯ ಯಂತ್ರದಲ್ಲಿ ಗ್ರಾಂ ಮಲಕ್ಕೆ 20 ಮೈಕ್ರೊಗ್ರಾಂ, ಇನ್ನೊಂದರಲ್ಲಿ 17. ಬಾಟಲಿಯಲ್ಲಿ ದ್ರಾವಣ ಎಷ್ಟಿದೆ ಎಂಬುದರ ಮೇಲೆ ಅದು ಹೋಗುತ್ತದೆ. 2012ರಲ್ಲಿ ಫ್ರೇಸರ್ ಮತ್ತಿತರ ತಜ್ಞರು ಎಲ್ಲರೂ ಗ್ರಾಂ ಮಲದ ಲೆಕ್ಕದಲ್ಲೇ ಬರೆಯಿರಿ ಎಂದು ಕೇಳಿಕೊಂಡರು. ನಮ್ಮ ಪ್ರಯೋಗಾಲಯಗಳಿಂದ ನಾನು ಕೇಳುವುದು ಅಷ್ಟನ್ನೇ.

ನಮ್ಮ ಬಿಸಿಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬಾಟಲಿಯಲ್ಲಿರುವ ಹಿಮೋಗ್ಲೋಬಿನ್ ಸೆಕೆಗೆ ಕೆಡುತ್ತದೆ. ಇಟಲಿಯ ಫ್ಲಾರೆನ್ಸ್‌ನಲ್ಲಿ ನಡೆದ ಅಧ್ಯಯನದಲ್ಲಿ ಚಳಿಗಾಲಕ್ಕಿಂತ ಬೇಸಿಗೆಯಲ್ಲಿ ಪಾಸಿಟಿವ್ ಬರುವ ಸಂಭವ ಶೇ. 17ರಷ್ಟು ಕಡಿಮೆಯಿತ್ತು. ಉಷ್ಣತೆ ಒಂದೊಂದು ಡಿಗ್ರಿ ಏರಿದಂತೆ ಆ ಸಂಭವ ಶೇ. 0.7ರಷ್ಟು ಇಳಿಯುತ್ತದೆ ಎಂದು ಅವರು ಲೆಕ್ಕ ಹಾಕಿದರು. ಆಸ್ಟ್ರೇಲಿಯಾದವರು ಸೆಕೆಯ ಪ್ರದೇಶಗಳಿಗೆ ತಂಪು ತಿಂಗಳುಗಳಲ್ಲಿ ಮಾತ್ರ ಕಿಟ್ ಕಳಿಸುತ್ತಾರೆ. ಈಚಿನ ದ್ರಾವಣಗಳು ಹಿಂದಿನವುಗಳಿಗಿಂತ ಗಟ್ಟಿ ಎನ್ನುವುದು ನಿಜ. ಆದರೂ ಫ್ಲಾರೆನ್ಸ್‌ನ ಬೇಸಿಗೆಯೇ ಹೀಗೆ ಮಾಡಿದರೆ, ಮೇ ತಿಂಗಳಲ್ಲಿ ರಾಯಚೂರಿನಿಂದ ಬೆಂಗಳೂರಿಗೆ ಕೊರಿಯರ್‌ನಲ್ಲಿ ಬರುವ ಬಾಟಲಿಯ ಗತಿಯೇನು? ಅಲ್ಲಿ ಕಾಗದದ ಮೇಲೆ 20 ಎಂದು ಬರೆದ ಗೆರೆ ಯಾರಿಗೂ ತಿಳಿಯದಂತೆ ಮೇಲೇರಿ ಕೂತಿರುತ್ತದೆ. ಒಂದು ಸಮಾಧಾನವೂ ಇದೆ. ನಮ್ಮ ಹಳ್ಳಿಗಳಲ್ಲಿ ಇನ್ನೂ ಇರುವ ಕೊಕ್ಕೆಹುಳು ರಕ್ತ ಹೀರುವುದು ಸಣ್ಣ ಕರುಳಿನಲ್ಲಿ. ಅಲ್ಲಿಂದ ಸೋರಿದ ಗ್ಲೋಬಿನ್ ಬಹುಪಾಲು ಕೆಳಗೆ ಬರುವಷ್ಟರಲ್ಲಿ ಜೀರ್ಣವಾಗಿ ಹೋಗುತ್ತದೆ. ಆದ್ದರಿಂದ ಈ ವಿಷಯದಲ್ಲಿ ಹಳೆಯ ಗ್ವಾಯಕ್ಕಿಗಿಂತ ಫಿಟ್ ನಮಗೆ ಅನುಕೂಲ.

ಹಾಗಾದರೆ ನೀವು ಏನು ಮಾಡಬೇಕೆನ್ನುತ್ತೀರಿ ಎಂದು ಕೇಳಬಹುದು. ರಾಜ್ಯದಾದ್ಯಂತ ಲಕ್ಷಣವಿಲ್ಲದ ಎಲ್ಲರಿಗೂ ಮಲಪರೀಕ್ಷೆ ಮಾಡಿ ಎಂದು ನಾನು ಹೇಳುವುದಿಲ್ಲ. 1968ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಗಾಗಿ ವಿಲ್ಸನ್ ಮತ್ತು ಯುಂಗ್ನರ್ ಬರೆದ ತಪಾಸಣೆಯ ಸೂತ್ರಗಳಲ್ಲಿ ಒಂದು, ಮುಂದಿನ ಪರೀಕ್ಷೆಗೂ ಚಿಕಿತ್ಸೆಗೂ ಸೌಲಭ್ಯ ಇರಬೇಕು ಎಂಬುದು. ಅದಿಲ್ಲದೆ ಪಾಸಿಟಿವ್ ಎಂಬ ಕಾಗದ ಹಂಚುವುದು ಕ್ರೌರ್ಯ. ನಾನು ಮೊದಲು ಶುರುಮಾಡುವುದು ಲಕ್ಷಣ ಇರುವವರಿಂದ. ನಮ್ಮ ಜಿಲ್ಲಾ ಆಸ್ಪತ್ರೆಗಳಿಗೆ ಐವತ್ತು ದಾಟಿದವರು ಕಾರಣ ತಿಳಿಯದ ರಕ್ತಹೀನತೆ ಎಂದು ಬರುತ್ತಾರೆ, ಹೊಟ್ಟೆ ಸರಿಯಿಲ್ಲ ಎಂದು ಬರುತ್ತಾರೆ. ಕಬ್ಬಿಣದ ಮಾತ್ರೆ, ಮೂಲವ್ಯಾಧಿಯ ಮುಲಾಮು ತೆಗೆದುಕೊಂಡು ಹೋಗುತ್ತಾರೆ. ಕೆಲವರು ವರ್ಷ ಬಿಟ್ಟು ಕರುಳು ಕಟ್ಟಿಕೊಂಡು ಬರುತ್ತಾರೆ. ಇಂಗ್ಲೆಂಡಿನ 120 ನಮಗೆ ಬೇಡ, ಅವರ 10 ಬೇಕಾಗಬಹುದು. ಒಂದು ಜಿಲ್ಲೆಯಲ್ಲಿ, ಫ್ರಿಜ್ ಇರುವ ಕಡೆ, ಸಂಖ್ಯೆ ಕೊಡುವ ಒಂದು ಯಂತ್ರವನ್ನು ಇಟ್ಟು, ಇಂಥವರಿಗೆ ಫಿಟ್ ಮಾಡಿ, 10 ದಾಟಿದವರನ್ನು ಕೊಲೊನೊಸ್ಕೊಪಿಗೆ ಕಳಿಸಿ ನೋಡೋಣ. ಕಣ್ಣಿಗೆ ಕಾಣುವಂತೆ ರಕ್ತ ಹೋಗುತ್ತಿರುವವರು, ತೂಕ ಇಳಿಯುತ್ತಿರುವವರು, ಹೊಟ್ಟೆಯಲ್ಲಿ ಗಡ್ಡೆ ಕೈಗೆ ಸಿಗುವವರು ಈ ಸಂಖ್ಯೆಗೆ ಕಾಯಬಾರದು, ಅವರನ್ನು ವೈದ್ಯರು ನೇರವಾಗಿ ನೋಡಬೇಕು. ಪ್ರತಿಯೊಬ್ಬರ ಸಂಖ್ಯೆ, ಮಾದರಿ ತಂದ ದಿನದ ಉಷ್ಣತೆ, ಪಾಸಿಟಿವ್ ಬಂದು ಎಷ್ಟು ದಿನಕ್ಕೆ ಕೊಲೊನೊಸ್ಕೊಪಿ ಆಯಿತು, ಏನು ಸಿಕ್ಕಿತು ಎಂಬ ನಾಲ್ಕು ಕಾಲಂ ಸಾಕು. ನೆಗೆಟಿವ್ ಬಂದವರ ಹೆಸರುಗಳನ್ನು ಎರಡು ವರ್ಷ ಬಿಟ್ಟು ಕ್ಯಾನ್ಸರ್ ನೋಂದಣಿಯ ಪಟ್ಟಿಯ ಜೊತೆ ಇಟ್ಟು ತಾಳೆ ನೋಡಬೇಕು. ಆಗ ಆ 10 ಅನ್ನು ಏರಿಸಬೇಕೋ ಇಳಿಸಬೇಕೋ ಎಂದು ಚರ್ಚಿಸಲು ನಮ್ಮ ಹತ್ತಿರ ನಮ್ಮದೇ ಅಂಕಿಗಳಿರುತ್ತವೆ.